ಜತನ ಕಾಕಾ

ಜತನ ಕಾಕಾ ಎಲ್ಲ ಊರಿನಲ್ಲೂ ಇರುತ್ತಾರೆ. ಉಗಾರ ಖುರ್ದದಲ್ಲಿ ಓಣಿಗೊಬ್ಬರು. ಅವರ ಮನೆ ಗುರುತಿಸಲು ವಿಳಾಸ ಬೇಡ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ರಬ್ಬರ್ ಬ್ಯಾಂಡು. ಸೋಫಾದ ಮೇಲೆ ಅಂಗಡಿಯಿಂದ ಬಂದಾಗಿನ ಪಾಲಿಥೀನ್ ಇನ್ನೂ ಹಾಗೇ ಇದ್ದು, ಬೇಸಿಗೆಯಲ್ಲಿ ಪಾವಣ್ಯಾರು ಎದ್ದರೆ ಅದೂ ಅವರ ಸಂಗಡ ಏಳುತ್ತದೆ. ಮಗಳ ಮದುವೆಗೆ ಬಂದ ಗೋಡೆ ಗಡಿಯಾರ ಟ್ರಂಕಿನಲ್ಲಿ ಭದ್ರವಾಗಿದೆ. ಸಮಯ ಬೇಕಾದವರು ಮೀರಜ ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂಡಬೇಕು.

ಕಾಕಾ ಯಾವ ವಸ್ತುವಿನ ಬೆಲೆಯನ್ನೂ ಮೊದಲು ಕೇಳುವವರಲ್ಲ. "ಇದರ ಆಯುಷ್ಯ ಎಷ್ಟು?" ಎಂಬುದೇ ಅವರ ಮೊದಲ ಪ್ರಶ್ನೆ. ಎಮ್ಮೆ ಕೊಳ್ಳುವಾಗ ಕೇಳಿದ್ದರು, ಅಳಿಯನನ್ನು ನೋಡಲು ಹೋದಾಗಲೂ ಕೇಳಿದ್ದರು. ಮನೆಗೆ ಸೋಲಾರ್ ಕೊಳ್ಳಲು ಹೋದಾಗಲೂ ಅದನ್ನೇ ಕೇಳಿದರು. ಅಂಗಡಿಯ ಹುಡುಗ ಉತ್ತರ ಹೇಳಿದ: "ಪ್ಯಾನಲ್ಲಿಗೆ 25 ವರ್ಷರೀ. ಇನ್ವರ್ಟರಿಗೆ ಹತ್ತರ ಆಸುಪಾಸು. ಬ್ಯಾಟರಿಗೆ ನಾಕೈದು. ಬರೋಬ್ಬರಿ ನೋಡಿಕೊಂಡ್ರ." ಕಾಕಾನ ಕಿವಿಗೆ ಬಿದ್ದದ್ದು 25 ಮಾತ್ರ. "ನೋಡಿಕೊಂಡ್ರ" ಎಂಬುದಕ್ಕೆ ಅವರು ತಮ್ಮದೇ ಅರ್ಥ ಮಾಡಿಕೊಂಡರು.

ಅದು 2019ರ ಕೊನೆ. ಆ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಕುಡಚಿಯ ಸೇತುವೆ ನೀರಿನೊಳಗೆ ಹೋದದ್ದನ್ನು ಕಾಕಾ ಕಣ್ಣಾರೆ ಕಂಡಿದ್ದರು. ಹಾಗಾಗಿ ಇನ್ವರ್ಟರು ಪಡಸಾಲೆಯಲ್ಲಿ ಕೂಡಲಿಲ್ಲ. ಜಿನಿ ಹತ್ತಿ ಮಾಳಿಗೆಗೆ ಹೋಗಿ, ಪತ್ರಾಸಿನ ಕೆಳಗೆ ಗೋಡೆಗೆ ತೂಗಿತು. "ಹೊಳಿ ಇಲ್ಲಿತನಾ ಬರೂದಿಲ್ಲ" ಎಂದರು. ಹೊಳೆ ಬರಲಿಲ್ಲ ನಿಜ. ಆದರೆ ಏಪ್ರಿಲ್ ತಿಂಗಳು ನೇರ ಅಲ್ಲಿಗೇ ಬಂತು. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವ ಜಾಗ ಅದೇ.

ಧೂಳು ಬೀಳಬಾರದೆಂದು ಹೆಂಡತಿ ಕಾಕೂಗೆ ಆಜ್ಞೆಯಾಯಿತು. ಕಾಕೂ ಹಳೆಯ ಇಳಕಲ್ಲ ಸೀರೆ ಕತ್ತರಿಸಿ ಇನ್ವರ್ಟರಿನ ಅಳತೆಗೆ ಒಂದು ಕೌದಿ ಹೊಲಿದರು. ಗಾಳಿ ಆಡಲೆಂದು ಕಂಪನಿಯವರು ಕೊರೆದ ತೂತುಗಳೆಲ್ಲ ಸೀರೆಯ ದಡಿಯ ಕೆಳಗೆ ಅಡಗಿದವು. ಒಳಗಿನ ಫ್ಯಾನು ಗುಂಯ್ಗುಡುತ್ತ ಏದುಸಿರು ಬಿಟ್ಟರೆ ಕಾಕಾ ಮೊಮ್ಮಕ್ಕಳನ್ನು ಗದರುತ್ತಿದ್ದರು: "ಸಪ್ಪಳ ಮಾಡಬ್ಯಾಡ್ರಿ, ಅದು ಕೆಲಸಾ ಮಾಡಾಕತ್ತೇತಿ."

ಬ್ಯಾಟರಿಯ ಸೇವೆ ಇನ್ನೂ ದೊಡ್ಡದು. ಎರಡು ಮೂರು ತಿಂಗಳಿಗೊಮ್ಮೆ ತೇಲುಗುಂಡು ನೋಡಿ, ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿರೆಂದು ವಾಯರಮನ್ ಹೇಳಿ ಹೋಗಿದ್ದ. ರೊಕ್ಕ ಕೊಟ್ಟು ನೀರು ಕೊಳ್ಳುವುದು ಕಾಕಾನ ಜಾಯಮಾನಕ್ಕೆ ಒಗ್ಗದ ಮಾತು. "ಕೃಷ್ಣಾ ತಾಯಿ ನೀರಿಗಿಂತ ಪವಿತ್ರ ನೀರು ಯಾವ ಅಂಗಡ್ಯಾಗ ಸಿಗತೈತಿ?" ಎಂದು ತಾಮ್ರದ ತಂಬಿಗೆಯಿಂದಲೇ ಸುರಿದರು. ಹೊಳೆ ನೀರಿನ ಲವಣಗಳು ಸೀಸದ ಪ್ಲೇಟುಗಳನ್ನು ಕೆಡಿಸಿ, ನಾಲ್ಕೈದು ವರ್ಷ ಬಾಳಬೇಕಾದ ಬ್ಯಾಟರಿ ಎರಡೇ ವರ್ಷಕ್ಕೆ ಕೈ ಎತ್ತಿತು. ವಾಯರಮನ್ ತಲೆ ತುರಿಸಿಕೊಂಡ: "ಕಾಕಾ, ಹಿಂಗ ಮಾಡಿದ್ರ ಪುಣ್ಯ ಬರತೈತಿ, ಚಾರ್ಜ್ ಬರೂದಿಲ್ಲ."

ಖಂಡೇನವಮಿ ಬಂತೆಂದರೆ ಇನ್ವರ್ಟರಿಗೂ ಕುಡುಗೋಲಿಗೂ ಒಂದೇ ಸಾಲಿನಲ್ಲಿ ಪೂಜೆ. ವಿಭೂತಿ, ಕುಂಕುಮ, ಚೆಂಡು ಹೂವಿನ ಸರ. ಕಾಯಿ ಒಡೆದಾಗ ನಾಲ್ಕು ಹನಿ ಕಾಯಿನೀರು ಬ್ಯಾಟರಿಯ ಟರ್ಮಿನಲ್ಲಿಗೂ ಸಲ್ಲುತ್ತಿತ್ತು. ದಿನ ಹೋದಂತೆ ಅಲ್ಲಿ ಬಿಳಿ-ಹಸಿರು ಕಿಲುಬು ಬೆಳೆಯಿತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತಿಕ್ಕಿ, ಒಣಗಿಸಿ, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿದರೆ ಮುಗಿಯುವ ಕೆಲಸ. ಆದರೆ ಪೂಜೆಯಾದ ಜಾಗವನ್ನು ತಿಕ್ಕುವುದುಂಟೇ?

ಪ್ಯಾನಲ್ಲುಗಳ ಮೇಲಂತೂ ನೀರು ಬೀಳುವಂತಿಲ್ಲ, "ಗಾಜು ಸವೀತೈತಿ." ಕಬ್ಬಿನ ಸೀಜನ್ನಿನಲ್ಲಿ ಹೊಲದವರು ರವದಿಗೆ ಬೆಂಕಿ ಹಚ್ಚುತ್ತಾರೆ. ಕರಿ ತೇಲಿ ಬಂದು ಒಣಹಾಕಿದ ಧೋತರದ ಮೇಲೂ ಪ್ಯಾನಲ್ಲಿನ ಮೇಲೂ ಭೇದವಿಲ್ಲದೆ ಕೂಡುತ್ತದೆ. ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಧೂಳು. ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲು, ಬರಿ ನೀರು ಮತ್ತು ಮೆತ್ತನೆ ಅರಿವೆ ಸಾಕಿತ್ತು. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಟ್ಟೀತು ಎಂಬ ಒಂದೇ ಮಾತನ್ನು ಹಿಡಿದುಕೊಂಡು ಕಾಕಾ ವರ್ಷಪೂರ್ತಿ ತಣ್ಣೀರನ್ನೇ ವರ್ಜಿಸಿದರು. ಧೋತರವನ್ನು ಮಾತ್ರ ದಿನಾ ಒಗೆಸಿದರು.

ಐದು ವರ್ಷ ದಾಟುವಷ್ಟರಲ್ಲಿ ಒಂದು ಸಂಜೆ ಕರೆಂಟು ಹೋಯಿತು. ಬಿಲ್ಲು ಸೊನ್ನೆಯಾದರೂ ಕರೆಂಟು ಸೊನ್ನೆಯಾಗುವುದು ನಮ್ಮ ಕಡೆ ತಪ್ಪಿಲ್ಲ. ಇನ್ವರ್ಟರು "ಟೀಂ" ಎಂದು ಒಂದು ಸಲ ಕೂಗಿ ಸುಮ್ಮನಾಯಿತು.

ಈ ಭಾಗದಲ್ಲಿ ಜಡ್ಡು ಜೋರಾದರೆ ಮೀರಜದ ದವಾಖಾನೆ. ಕಾಕಾ ಇನ್ವರ್ಟರನ್ನು ಕೌದಿ ಸಮೇತ ಎದೆಗೆ ಅವುಚಿಕೊಂಡು ರೈಲು ಹತ್ತಿದರು. ಶೇಡಬಾಳದಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಕೌದಿ ನೋಡಿ ಸರಿದು ಜಾಗ ಬಿಟ್ಟಳು: "ಎಷ್ಟ ತಿಂಗಳದ್ದರೀ ಕೂಸು?"

"ಐದ ವರ್ಷದ್ದವ್ವಾ" ಎಂದರು ಕಾಕಾ ಗದ್ಗದಿತರಾಗಿ.

ಮೀರಜದ ಮೆಕ್ಯಾನಿಕ್ ಮುಚ್ಚಳ ಬಿಚ್ಚಿದ. ಫ್ಯಾನಿನ ರೆಕ್ಕೆಗೆ ಕೌದಿಯ ದಾರ ಸುತ್ತಿಕೊಂಡು ಅದು ಎಂದೋ ನಿಂತಿತ್ತು. ಒಂದು ಮೂಲೆಯಲ್ಲಿ ಇರುವೆಗಳ ಸಂಸಾರ, ಇನ್ನೊಂದರಲ್ಲಿ ಒಣಗಿದ ಹಲ್ಲಿ. ನಡುವೆ ತಲೆ ಉಬ್ಬಿಸಿಕೊಂಡ ಕೆಪ್ಯಾಸಿಟರುಗಳು. "ಇದರ ಜೀವ ಇರೂದ ಇದರಾಗ. ಒಳಗಿನ ಪಸಿ ಆರಿದ್ರ ಮುಗೀತು" ಎಂದ ಮೆಕ್ಯಾನಿಕ್. ಶಾಖ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಾಕಾ ಪತ್ರಾಸಿನ ಕೆಳಗಿಟ್ಟು, ಮೇಲೆ ಕೌದಿಯನ್ನೂ ಹೊದಿಸಿದ್ದರು. "ಬೇರೆಯವರ ಮನ್ಯಾಗ ಹೇಳಾವ ಕೇಳಾವ ಇಲ್ಲದ ಗೋಡಿಗೆ ಬಿದ್ದದ್ದು ಒಂಬತ್ತು ಹತ್ತು ವರ್ಷ ನಡೀತಾವ್ರಿ. ನಿಮ್ಮದು ಜತನದಿಂದ ಹೋತು."

ಕಾಕಾ ಸೋಲಲಿಲ್ಲ. ಕೋಟಿನ ಒಳಕಿಸೆಯಿಂದ ಬ್ರಹ್ಮಾಸ್ತ್ರ ತೆಗೆದರು: ಲ್ಯಾಮಿನೇಶನ್ ಮಾಡಿಸಿ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಗ್ಯಾರಂಟಿ ಕಾರ್ಡು. ಮೆಕ್ಯಾನಿಕ್ ಹಿಂದೆ ಮುಂದೆ ತಿರುಗಿಸಿ ನೋಡಿದ. ಕಾರ್ಡು ಪೂರಾ ಖಾಲಿ. ತಾರೀಕಿಲ್ಲ, ಸಹಿ ಇಲ್ಲ. ಕಾರ್ಡು ಹೊಲಸಾಗುತ್ತದೆಂದು ಕಾಕಾ ಅಂದು ಅಂಗಡಿಯವನಿಗೆ ಸಿಕ್ಕಾ ಒತ್ತಲು ಕೊಟ್ಟಿರಲಿಲ್ಲ.

ಇಷ್ಟಾದ ಮೇಲೆ ಕಾಕಾನ ಮುಖದಲ್ಲಿ ಗೆಲುವು ತಂದವರು ಪಕ್ಕದ ಮನೆಯ ಮಾಸ್ತರು. ಊರಿನ ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾರುವಾಗ ತಾವೇಕೆ ಬಿಸಿಲು ಮಾರಬಾರದೆಂದು ಅವರು 2024ರಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಆನ್-ಗ್ರಿಡ್ ಹಾಕಿಸಿ 78,000 ರೂಪಾಯಿ ಸಬ್ಸಿಡಿ ಪಡೆದಿದ್ದರು. ಬ್ಯಾಟರಿ ಇಲ್ಲ, ನೀರು ಹಾಕುವ ಕಾಟವಿಲ್ಲ. ಹೆಚ್ಚಾದ ಕರೆಂಟು ಹೆಸ್ಕಾಂ ಲೈನಿಗೆ. ಒಂದು ಮಧ್ಯಾಹ್ನ ಲೈನ್ ಹೋದಾಗ ಸುಡುಬಿಸಿಲಿನಲ್ಲೂ ಮಾಸ್ತರ ಫ್ಯಾನು ನಿಂತಿತು. ಕಂಬ ಹತ್ತಿದ ಲೈನ್‌ಮನ್‌ಗೆ ಮನೆಗಳ ಕಡೆಯಿಂದ ಶಾಕ್ ಹೊಡೆಯಬಾರದೆಂದು, ಲೈನ್ ಹೋದ ಕ್ಷಣ ಆ ಇನ್ವರ್ಟರು ತಾನೂ ಬಂದ್ ಆಗುತ್ತದೆ. ಕಾಕಾ ಕಟ್ಟೆಯ ಮೇಲೆ ನಿಂತು ಕೂಗಿದರು: "ಮಾಸ್ತರ, ಸೂರ್ಯಾನೂ ಹೆಸ್ಕಾಂದವರ ಪರ್ಮಿಶನ್ ಕೇಳತಾನೇನ್ರಿ ನಿಮ್ಮ ಮನ್ಯಾಗ?" ಆಗ ಅವರ ಸ್ವಂತ ಮನೆಯಲ್ಲಿ ಬೀಸಣಿಗೆ ಆಡುತ್ತಿತ್ತೆಂಬುದು ಬೇರೆ ಮಾತು.

ಕೊನೆಗೆ ಹೊಸ ಇನ್ವರ್ಟರು ಬಂತು. ಈ ಸಲ ಪಡಸಾಲೆಯಲ್ಲಿ, ಎದೆಮಟ್ಟಕ್ಕೆ, ಸುತ್ತಲೂ ಗಾಳಿಗೆ ಜಾಗ ಬಿಟ್ಟು. ಕೌದಿ ಕಾಕೂನ ಹಾಸಿಗೆಗೆ ಹೋಯಿತು. ಡಿಸ್ಟಿಲ್ಡ್ ವಾಟರ್ ಕ್ಯಾನು ದೇವರ ಜಗುಲಿಯ ಪಕ್ಕಕ್ಕೆ ಬಂತು. ಕಾರ್ಡಿಗೆ ಕಾಕಾ ಒಂದಲ್ಲ, ಮೂರು ಸಿಕ್ಕಾ ಒತ್ತಿಸಿಕೊಂಡರು.

ಆಗ ಅವರಿಗೆ ಪ್ಯಾನಲ್ಲು ನೆನಪಾಯಿತು. 25ರಲ್ಲಿ ಆರು ಕಳೆದು ಹತ್ತೊಂಬತ್ತು ಉಳಿದಿದೆ. ಕಾಕಾನಿಗೆ ಅರವತ್ತೆಂಟು. ಬೆರಳು ಮಡಚಿ ಎಣಿಸಿದರು: ಎಂಬತ್ತೇಳು. ಪ್ಯಾನಲ್ಲಿನ ಕಾರ್ಡು ಅವರ ಹೆಸರಿನಲ್ಲಿದೆ. ನಡುವೆ ತಾವು ಜಾಗ ಖಾಲಿ ಮಾಡಿದರೆ ಗ್ಯಾರಂಟಿ ಕೇಳುವವರು ಯಾರು? ಮರುದಿನವೇ ತಂಬಾಕಿನ ಚಂಚಿ ಬಾವಿಗೆ ಬಿತ್ತು. ನಸುಕಿನಲ್ಲಿ ಹೊಳೆಯವರೆಗೆ ನಡಿಗೆ ಶುರುವಾಯಿತು. ಸಕ್ಕರೆ ಊರಿನಲ್ಲಿ ಹುಟ್ಟಿ ಬೆಳೆದವರು ಸಕ್ಕರೆ ಇಲ್ಲದ ಚಾ ಕೇಳತೊಡಗಿ, ಬೀಗರ ಮನೆಗಳಲ್ಲಿ ಗುಸುಗುಸು ಎದ್ದಿತು.

ಕಾಕೂ ಮಾತ್ರ ಹೊರಗೆ ಕೂತು ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ: "ತಂಬಾಕ ಬಿಡ್ರಿ ಅಂತ ನಲವತ್ತ ವರ್ಷ ಹೇಳೇನಿ, ಕಿವಿಗೆ ಹಾಕ್ಕೊಳ್ಳಲಿಲ್ಲ. ಮಾಳಗಿ ಮ್ಯಾಲಿನ ಗಾಜಿನ ಸಲುವಾಗಿ ಬಿಟ್ರ. ನಮ್ಮಪ್ಪ ನನ್ನ ಜೋಡಿ ಒಂದ ಗ್ಯಾರಂಟಿ ಕಾರ್ಡ್ ಕೊಟ್ಟು ಕಳಸಬೇಕಿತ್ತ ನೋಡ್ರಿ!"