ಎರಡು ಕೈ, ನಾಲ್ಕು ಜೊತೆ

"ಇರೋದು ಎರಡು ಕೈ. ನಾಲ್ಕು ಜೊತೆ ಯಾಕ್ರೀ?"

ನಡುಮನೆಯ ನೆಲದ ಮೇಲೆ ಎಂಟು ಗ್ಲೌಸುಗಳನ್ನು ಸಾಲಾಗಿ ಹರಡಿಕೊಂಡು ಕೂತಿದ್ದ ನನ್ನನ್ನು ಹೆಂಡತಿ ಕೇಳಿದಳು. ಜೂನ್ ಮೊದಲ ವಾರ. ಉಜಿರೆಯಲ್ಲಿ ಅವಳ ಅಣ್ಣನ ಮನೆಯ ಗೃಹಪ್ರವೇಶ. ಅವಳು ಹಿಂದಿನ ರಾತ್ರಿಯ ಬಸ್ಸಿಗೆ, ನಾನು ಮರುದಿನ ಬೆಳಿಗ್ಗೆ ಬೈಕಿನಲ್ಲಿ ಎಂದು ತೀರ್ಮಾನವಾಗಿತ್ತು. ಪೂಜೆ ತಪ್ಪಿದರೂ ಊಟ ತಪ್ಪದು ಎಂಬುದು ನನ್ನ ಲೆಕ್ಕ.

"ಹವಾಮಾನ ಕಣೇ," ಅಂದೆ.

"ಹೋಗ್ತಿರೋದು ಉಜಿರೆಗೆ. ಲಡಾಖಿಗಲ್ಲ."

ಲಡಾಖಿಗೆ ಹೋಗುವುದು ಸುಲಭ. ಅಲ್ಲಿ ಚಳಿ ಎಂದರೆ ಚಳಿ, ಅದಕ್ಕೊಂದು ಗ್ಲೌಸ್ ಕೊಂಡರೆ ಮುಗಿಯಿತು. ಬೆಂಗಳೂರಿನಿಂದ ಉಜಿರೆಗೆ ಸುಮಾರು 300 ಕಿಲೋಮೀಟರು. ಅಷ್ಟರಲ್ಲೇ ಬಯಲುಸೀಮೆಯ ಬಿಸಿಲು, ಮೂಡಿಗೆರೆಯ ಮಳೆ, ಚಾರ್ಮಾಡಿಯ ಮಂಜು, ಕರಾವಳಿಯ ಸೆಕೆ ಎಲ್ಲವೂ ಸಿಗುತ್ತವೆ. ಇದನ್ನೆಲ್ಲ ವಿವರಿಸುವಷ್ಟರಲ್ಲಿ ಅವಳು ಒಂದು ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡಾಗಿತ್ತು. ಅವಳ ಸಿದ್ಧತೆ ಅಲ್ಲಿಗೆ ಮುಗಿಯಿತು.

ನಿಘಂಟಿನಲ್ಲಿ ಗ್ಲೌಸಿಗೆ ಕೈಗವಸು ಎಂಬ ಚೆಂದದ ಹೆಸರಿದೆ. ಆದರೆ ಅಂಗಡಿಗೆ ಹೋಗಿ ಕೈಗವಸು ಕೊಡಿ ಎಂದವರನ್ನು ನಾನು ಕಂಡಿಲ್ಲ. ದಿಂಬಿಗೆ ಗವಸು ಹಾಕುವುದು ಸುಲಭ, ಏಕೆಂದರೆ ದಿಂಬಿಗೆ ಬೆರಳಿಲ್ಲ.

ಜೆ.ಸಿ. ರಸ್ತೆಯ ಕಡೆಯ ಅಂಗಡಿಯೊಂದರಲ್ಲಿ ಈ ವಿದ್ಯೆಗೆ ನನಗೆ ದೀಕ್ಷೆಯಾದದ್ದು. ಗಡ್ಡ ಇನ್ನೂ ಸರಿಯಾಗಿ ಮೂಡದ ಹುಡುಗನೊಬ್ಬ ಟೇಪು ಹಿಡಿದು, ಹೆಬ್ಬೆರಳು ಬಿಟ್ಟು ನನ್ನ ಅಂಗೈಯ ಸುತ್ತಳತೆ ತೆಗೆದ. ಜವಳಿ ಅಂಗಡಿಯಲ್ಲಿ ಹೊಟ್ಟೆ ಅಳೆಸಿಕೊಂಡು ನಾಚಿದ್ದ ನನಗೆ ಅಂಗೈ ಅಳೆಸಿಕೊಳ್ಳುವುದು ಹಗುರವೆನಿಸಿತು. "ಬೀಳೋವಾಗ ಎಲ್ಲರೂ ಮೊದಲು ಕೈ ಊರೋದು ಸಾರ್. ಅಂಗೈ ಬುಡದಲ್ಲಿ ಗಟ್ಟಿ ಪ್ಯಾಡ್ ಇರಬೇಕು, ಗೆಣ್ಣಿಗೆ ಚಿಪ್ಪಿರಬೇಕು" ಎಂದ. ಒಳಗಿನ ಚೀಟಿ ತಿರುಗಿಸಿ, ಪುಟ್ಟ ಬೈಕ್ ಸವಾರನ ಚಿತ್ರದ ಕೆಳಗಿದ್ದ ಇಎನ್ 13594 ಎಂಬ ಯುರೋಪಿನ ಗುರುತು ತೋರಿಸಿದ. ಅವನ ಮಾತು ನ್ಯಾಯವಾಗಿಯೇ ಇತ್ತು. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿ ತಲೆ ಕಾಯುತ್ತದೆ. ಕೈಯನ್ನು ಸವಾರನ ವಿವೇಕಕ್ಕೇ ಬಿಟ್ಟಿದೆ. ನನ್ನ ವಿವೇಕ ಆ ದಿನ ಪರ್ಸಿನಲ್ಲಿತ್ತು.

"ಬಿಸಿಲಿಗೆ ಈ ಮೆಶ್ ತಗೊಳ್ಳಿ, ಗಾಳಿ ಆಡುತ್ತೆ. ಲಾಂಗ್ ಹೋದ್ರೆ ಆಡಿನ ಚರ್ಮದ ಈ ಲೆದರ್. ಮಳೆಗೆ ಇದು. ಒಳಗೊಂದು ಪೊರೆ ಇದೆ ಸಾರ್. ಅದರ ತೂತು ಎಷ್ಟು ಸಣ್ಣ ಅಂದ್ರೆ ಮಳೆಹನಿ ಒಳಗೆ ಬರೋಲ್ಲ, ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತೆ."

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಅದರ ಚರ್ಮ ಮುಟ್ಟಿದ ಮೇಲೆ ನನ್ನ ಪರ್ಸಿನಲ್ಲೂ ಸೊಪ್ಪು ಉಳಿಯಲಿಲ್ಲ. ನಾಲ್ಕನೆಯದು ಉಣ್ಣೆಯದು. ಮುಳ್ಳಯ್ಯನಗಿರಿಗೆ ಹೋದಾಗ ಬೇಕಾದೀತೆಂದು ಕೊಂಡೆ. ಮುಳ್ಳಯ್ಯನಗಿರಿಗೆ ಇನ್ನೂ ಹೋಗಿಲ್ಲ.

ಹೊರಡುವ ದಿನ ಯೋಜನೆ ಸ್ಪಷ್ಟವಾಗಿತ್ತು. ಹಾಸನದವರೆಗೆ ಮೆಶ್, ಅಲ್ಲಿಂದ ಲೆದರ್, ಘಟ್ಟಕ್ಕೆ ವಾಟರ್‌ಪ್ರೂಫ್. ನೆಲಮಂಗಲ ದಾಟುವಾಗ ಸೋನೆ ಹಿಡಿಯಿತು. ಗಾಳಿ ಆಡುವ ಮೆಶ್‌ನಲ್ಲಿ ನೀರೂ ಧಾರಾಳವಾಗಿ ಆಡಿತು. ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಟ್ಟರೆ ನೀರು ತಣ್ಣಗಾಗುತ್ತದಲ್ಲ, ಅದೇ ಶಾಸ್ತ್ರ. ಅರವತ್ತು ಕಿಲೋಮೀಟರು ವೇಗದಲ್ಲಿ ಹೂಜಿಯ ಜಾಗದಲ್ಲಿ ನನ್ನ ಹತ್ತು ಬೆರಳಿದ್ದವು. ನಿಲ್ಲಿಸಿ, ಬ್ಯಾಗಿನ ತಳದಿಂದ ವಾಟರ್‌ಪ್ರೂಫ್ ಎಳೆದು ಹಾಕಿಕೊಂಡೆ. ಪಟ್ಟಿ ಬಿಗಿಯುವಷ್ಟರಲ್ಲಿ ಮಳೆ ನಿಂತಿತು. ಕುಣಿಗಲ್ಲಿಗೆ ಬರುವಾಗ ಬಿಸಿಲು ಚುರುಗುಟ್ಟುತ್ತಿತ್ತು, ಗ್ಲೌಸಿನೊಳಗೆ ಕೈಗಳು ಇಡ್ಲಿಯಂತೆ ಬೇಯುತ್ತಿದ್ದವು.

ಚನ್ನರಾಯಪಟ್ಟಣದಲ್ಲಿ ಲೆದರಿಗೆ ಬಡ್ತಿ. ಹಾಸನ, ಬೇಲೂರು ಸುಖವಾಗಿ ಕಳೆದವು. ಮೂಡಿಗೆರೆಗೆ ಐದು ಕಿಲೋಮೀಟರು ಇರುವಾಗ ಒಂದು ಹನಿ ವೈಸರಿನ ಮೇಲೆ ಬಿತ್ತು.

ಬೈಕಿನವರ ಬದುಕಿನಲ್ಲಿ ಈ ಮೊದಲ ಹನಿಯಷ್ಟು ದೊಡ್ಡ ಧರ್ಮಸಂಕಟ ಇನ್ನೊಂದಿಲ್ಲ. ನಿಲ್ಲಿಸಿದರೆ ಮಳೆ ಬರುವುದಿಲ್ಲ. ನಿಲ್ಲಿಸದಿದ್ದರೆ ಬರುತ್ತದೆ. ಬೆಳಗಿನ ಅವಮಾನ ನೆನಪಿದ್ದುದರಿಂದ ನಾನು ನಿಲ್ಲಿಸಲಿಲ್ಲ. ಬಂತು. ನಾವು ಹವಾಮಾನ ನೋಡಿ ಗ್ಲೌಸ್ ಆರಿಸಿಕೊಳ್ಳುತ್ತೇವೆ ಎಂದುಕೊಂಡಿರುತ್ತೇವೆ. ನಿಜವಾಗಿ ಹವಾಮಾನವೇ ನಮ್ಮ ಗ್ಲೌಸ್ ನೋಡಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ.

ಬಸ್ ಸ್ಟ್ಯಾಂಡೊಂದರ ಮಾಡಿನ ಕೆಳಗೆ ರೇನ್‌ಕೋಟಿನ ಪ್ಯಾಂಟಿಗೆ ಒಂದು ಕಾಲು ತೂರಿಸಿ, ಇನ್ನೊಂದು ಕಾಲಿನಲ್ಲಿ ಕುಪ್ಪಳಿಸುತ್ತಿದ್ದೆ. ಕಂಬಳಿಕೊಪ್ಪೆ ಹೊದ್ದ ಹಿರಿಯರೊಬ್ಬರು ಬೀಡಿ ಸೇದುತ್ತ ಈ ನಾಟ್ಯವನ್ನು ನೋಡುತ್ತಿದ್ದರು. ಅವರದು ಒಂದೇ ಕಂಬಳಿ. ನೆಂದರೂ ಬೆಚ್ಚಗಿರುತ್ತದೆ, ಚಳಿಗೂ ಆಗುತ್ತದೆ, ರಾತ್ರಿ ಹಾಸಿಗೆಯೂ ಆಗುತ್ತದೆ. ಅದಕ್ಕೆ ಜಿಪ್ಪಿಲ್ಲ, ಸೈಜಿಲ್ಲ, ಚೀಟಿಯಿಲ್ಲ.

"ಎತ್ಲಾಗೆ?" ಅಂದರು.

"ಉಜಿರೆಗೆ."

"ಬಸ್ಸಿತ್ತಲ್ಲ," ಎಂದು ಹೊಗೆ ಬಿಟ್ಟರು.

ಅಲ್ಲಿಂದ ಮುಂದಿನ ಪ್ರಶ್ನೆ, ಗ್ಲೌಸಿನ ಬಾಯಿ ತೋಳಿನ ಹೊರಗಿರಬೇಕೋ ಒಳಗಿರಬೇಕೋ ಎಂಬುದು. ಹೊರಗಿಟ್ಟರೆ ತೋಳಿನ ಮೇಲೆ ಬಿದ್ದ ನೀರೆಲ್ಲ ಜಾರಿ ಗ್ಲೌಸಿನೊಳಗೆ ಶೇಖರವಾಗುತ್ತದೆ. ಒಳಗಿಟ್ಟರೆ ಎದುರುಗಾಳಿ ಹನಿಗಳನ್ನು ತೋಳಿನೊಳಕ್ಕೆ ತುರುಕಿ ಮೊಣಕೈತನಕ ಕಳಿಸುತ್ತದೆ. ದ್ವೈತ ಅದ್ವೈತಗಳ ಜಗಳದ ಹಾಗೆ ಎರಡೂ ಕಡೆ ಪಂಡಿತರಿದ್ದಾರೆ. ನಾನು ಬಲಗೈಯನ್ನು ಒಂದು ಮತಕ್ಕೂ ಎಡಗೈಯನ್ನು ಇನ್ನೊಂದಕ್ಕೂ ಕೊಟ್ಟೆ. ಕೊಟ್ಟಿಗೆಹಾರ ಮುಟ್ಟುವಾಗ ಎರಡೂ ಸಮಾನವಾಗಿ ತೊಯ್ದಿದ್ದವು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಘಟ್ಟ ಇಳಿಯುವುದು ಸಂಪ್ರದಾಯವಲ್ಲ. ಮಾಡಿನ ಕೆಳಗೆ ನಿಂತು ಲೆದರ್ ಗ್ಲೌಸುಗಳನ್ನು ಒಂದೊಂದಾಗಿ ಹಿಂಡಿದೆ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಜೀಪಿನ ಡ್ರೈವರು, "ನೋಡ್ಕೊಂಡು ಹಿಂಡಿ ಸಾರ್. ಈ ಕಡೆ ಬಿದ್ದಿದ್ದು ಹೇಮಾವತಿ, ಆ ಕಡೆ ಬಿದ್ದಿದ್ದು ನೇತ್ರಾವತಿ" ಎಂದ. ತಮಾಷೆಯಾದರೂ ಭೂಗೋಳ ಸರಿಯಾಗಿತ್ತು. ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಮೂಡಲಿಗೆ ಹರಿದು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಘಟ್ಟದ ಪಡುವಲಿಗೆ ಬಿದ್ದ ಮಳೆ ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ನಾನು ಹಿಂಡಿದ್ದು ಮೂಡಲ ಕಡೆಗೆ.

ದೋಸೆ ಮುಗಿಸಿ, ಈಗಲಾದರೂ ವಾಟರ್‌ಪ್ರೂಫ್ ಹಾಕೋಣವೆಂದರೆ ಕೈ ಹೋಗಲೊಲ್ಲದು. ಬೆಳಿಗ್ಗೆ ಬೆವರಿದ ಕೈಯನ್ನು ಎಳೆದು ತೆಗೆದಾಗ ಒಳಗಿನ ಅಸ್ತರೂ ಬೆರಳಿನ ಜೊತೆ ಕಿತ್ತು ಹೊರಬಂದಿತ್ತು. ಐದು ಬೆರಳಿನ ಅಸ್ತರನ್ನು ಐದು ಓಣಿಗಳಿಗೆ ವಾಪಸು ಕಳಿಸುವುದು ಹೆರಿಗೆಯಷ್ಟೇ ಕಷ್ಟ. ಪೆನ್ನಿನ ಹಿಂಬದಿಯಿಂದ ತಳ್ಳಿದೆ, ಚಮಚದ ಹಿಡಿಯಿಂದ ನೂಕಿದೆ. ಕಿರುಬೆರಳು ಮಾತ್ರ ಊರು ಸೇರಿತು.

ಪಾರ್ಸೆಲ್ ಕಟ್ಟುತ್ತಿದ್ದ ಹುಡುಗ ಇದನ್ನೆಲ್ಲ ನೋಡಿ ತಡೆಯಲಾರದೆ ಬಂದ. ತಾನು ಹಾಕಿಕೊಳ್ಳುವಂಥದೇ ತೆಳು ಪ್ಲಾಸ್ಟಿಕ್ ಗ್ಲೌಸಿನ ಹೊಸ ಜೊತೆಯೊಂದನ್ನು ಮುಂದೆ ಹಿಡಿದ. "ಕೈ ಒರೆಸಿ ಇದು ಹಾಕ್ಕೊಳಿ ಸಾರ್. ಅದರ ಮೇಲೆ ನಿಮ್ದು ಒದ್ದೆ ಇದ್ರೂ ಜಾರ್ಕೊಂಡು ಹೋಗುತ್ತೆ. ನೀರೂ ಕೈಗೆ ತಾಗಲ್ಲ."

ಹಿಂಡಿದ ಲೆದರ್ ಗ್ಲೌಸಿನೊಳಗೆ ಕೈ ಎಣ್ಣೆ ಹಚ್ಚಿದಂತೆ ಜಾರಿಹೋಯಿತು. ಕಾಸು ಕೊಡಹೋದರೆ ನಕ್ಕುಬಿಟ್ಟ. ಮಂಜಿನಲ್ಲಿ ಚಾರ್ಮಾಡಿಯ ತಿರುವುಗಳನ್ನು ಒಂದೊಂದಾಗಿ ಇಳಿಯುವಾಗ ನನ್ನ ಮೈಯಲ್ಲಿ ಬೆಚ್ಚಗಿದ್ದ ಭಾಗವೆಂದರೆ ಕೈಗಳು ಮಾತ್ರ. ನಾಲ್ಕು ಜೊತೆ ಮಾಡಲಾಗದ್ದನ್ನು ಐದನೆಯದು ಪುಕ್ಕಟೆ ಮಾಡಿತ್ತು.

ಕೆಳಗಿಳಿದರೆ ಚಾರ್ಮಾಡಿ ಊರಿನಲ್ಲಿ ಮಳೆ ಬಿಟ್ಟು ಸೆಕೆ ಹೊಗೆಯಾಡುತ್ತಿತ್ತು. ಜಾಕೆಟ್ಟಿನೊಳಗೂ ಅಂಗಡಿಯ ಹುಡುಗ ಹೊಗಳಿದಂಥದೇ ಪೊರೆ. ಆದರೆ ಬೆವರು ಆವಿಯಾಗಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ದಕ್ಷಿಣ ಕನ್ನಡದ ಗಾಳಿಗೆ ಅಂಥ ಅಭ್ಯಾಸವಿಲ್ಲ.

ಉಜಿರೆ ತಲುಪಿದಾಗ ಕೊನೆಯ ಪಂಕ್ತಿ ಕೂರುತ್ತಿತ್ತು. ಪ್ಲಾಸ್ಟಿಕ್ ಕಿತ್ತೊಗೆದು ಅವಸರದಲ್ಲಿ ಕೈ ತೊಳೆದು ಬಾಳೆಎಲೆಯ ಮುಂದೆ ಕೂತೆ. ಬಡಿಸಲು ಬಂದ ಅತ್ತೆ ಸೌಟು ಎತ್ತಿದವರು ಹಾಗೇ ನಿಂತರು.

"ಎಂಥ ಮಾರಾಯ್ರೆ, ಕೈ ಹೀಗೆ ಕಪ್ಪಾದದ್ದು?"

ಬೆರಳುಗಳು ಮಣಿಕಟ್ಟಿನವರೆಗೆ ಶಾಯಿಯಲ್ಲಿ ಅದ್ದಿದಂತಿದ್ದವು. ಆಡಿನ ಚರ್ಮ ಮೂಡಿಗೆರೆಯ ಮಳೆಯಲ್ಲಿ ತನ್ನ ಬಣ್ಣವನ್ನೆಲ್ಲ ನನಗೆ ಧಾರೆ ಎರೆದಿತ್ತು. ಸೋಪಿಗೆ ಬಗ್ಗಲಿಲ್ಲ, ಹುಣಸೆಹಣ್ಣಿಗೆ ಬಗ್ಗಲಿಲ್ಲ. "ಭಾವ ದಾರಿಯಲ್ಲಿ ಎಂಜಿನು ಬಿಚ್ಚಿ ಜೋಡಿಸಿದ್ದಾ?" ಎಂದು ಹೆಂಡತಿಯ ತಮ್ಮ ಕೇಳಿದ. ಇಡೀ ಪಂಕ್ತಿ ಕೈಯಲ್ಲಿ ಊಟ ಮಾಡುವಾಗ ನನಗೊಬ್ಬನಿಗೆ ಚಮಚ ಬಂತು. ಎದುರು ಸಾಲಿನಲ್ಲಿ, ಒಂದು ಮಡಿಕೆಯೂ ಕೆಡದ ಶಾಲಿನಲ್ಲಿ ಕೂತಿದ್ದ ಹೆಂಡತಿ ಪಾಯಸದ ಮೇಲೆ ಅತೀವ ಗಮನವಿಟ್ಟಿದ್ದಳು.

ಬೆಂಗಳೂರಿಗೆ ಮರಳಿ ನಾಲ್ಕು ದಿನವಾದ ಮೇಲೆ ಲೆದರ್ ಗ್ಲೌಸುಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ಹೆಂಡತಿ ನಲ್ಲಿ ತಿರುಗಿಸಿ ಎದ್ದು ಬಂದಳು.

"ಕಾವೇರಿ ನೀರು ಬಂದಿದೆ. ಆದ್ರೆ ಯಾಕೋ ಇವತ್ತು ಸ್ವಲ್ಪ ಕಪ್ಪಗಿದೆಯಲ್ರೀ?"

ಕೊಟ್ಟಿಗೆಹಾರ, ಹೇಮಾವತಿ, ಕನ್ನಂಬಾಡಿ, ನಮ್ಮ ನಲ್ಲಿ. ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ಲೆಕ್ಕ ಹಾಕಿದೆ. ಕೈ ಹಿಂದೆ ಕಟ್ಟಿಕೊಂಡು, "ಮಳೆಗಾಲ ಅಲ್ವಾ, ಹೊಸ ನೀರು," ಅಂದೆ.