ಗೃಹರಥ ಮೀಮಾಂಸೆ: ಕೆಟ್ಟು ನಿಂತ ಮನೆಯ ಭೇದಾಭೇದ ವಿಚಾರ

1. ವಿಷಯ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ವಿಧಿಸಿದ ಹಿರಿಯರು ಮನೆಯನ್ನು ಓಡಿಸಿ ನೋಡು ಎಂಬ ಮೂರನೆಯ ವಿಧಿಯನ್ನು ಹೇಳದೆ ಬಿಟ್ಟದ್ದಕ್ಕೆ, ಅವರಲ್ಲಿ ಯಾರೂ ಒಲೆ, ಮಂಚ, ಶೌಚಾಲಯಗಳ ಸಮೇತ ಅರಿಜೋನಾದ ಏರುದಾರಿಯನ್ನು ಹತ್ತದಿದ್ದುದೇ ಕಾರಣವೆಂದು ಊಹಿಸಬೇಕಾಗುತ್ತದೆ. ಅಮೆರಿಕನ್ನರು ಆರ್‌ವಿ ಎಂದು ಕರೆಯುವ ವಸ್ತುವನ್ನು ಪ್ರಸ್ತುತ ಪ್ರಬಂಧವು ಗೃಹರಥವೆಂದು ವ್ಯವಹರಿಸುತ್ತದೆ. ಇದರಲ್ಲಿ ಸ್ವಂತ ಎಂಜಿನ್ ಉಳ್ಳ ಪ್ರಭೇದಗಳು ಮೂರು: ಬಸ್ಸಿನಷ್ಟು ದೊಡ್ಡದು ಎ ವರ್ಗ, ವ್ಯಾನಿನಷ್ಟು ಚಿಕ್ಕದು ಬಿ ವರ್ಗ, ಇವೆರಡರ ನಡುವಿನ ಗಾತ್ರದ್ದು ಸಿ ವರ್ಗ. ದೊಡ್ಡದು, ಚಿಕ್ಕದು, ಮಧ್ಯಮ ಎಂಬ ಈ ಕ್ರಮವು ಯಾವ ವ್ಯಾಕರಣಕ್ಕೂ ಒಗ್ಗದಿದ್ದರೂ ರೂಢಿಯು ಶಾಸ್ತ್ರಕ್ಕಿಂತ ಬಲವಾದುದರಿಂದ ಇಲ್ಲಿ ಹಾಗೆಯೇ ಸ್ವೀಕೃತವಾಗಿದೆ.

ವಿಚಾರಕ್ಕೆ ಎತ್ತಿಕೊಂಡಿರುವುದು ಎ ವರ್ಗದ ರಥದ ಒಂದು ದಿನದ ಪ್ರಯಾಣ. ಚಳಿಯಿಂದ ತಪ್ಪಿಸಿಕೊಳ್ಳಲು ದಕ್ಷಿಣಕ್ಕೆ ಇಳಿಯುವ, ‘ಸ್ನೋಬರ್ಡ್’ ಎಂಬ ಪಕ್ಷಿನಾಮದಿಂದ ಪ್ರಸಿದ್ಧವಾದ ನಿವೃತ್ತರ ವರ್ಗಕ್ಕೆ ಸೇರಿದ ದಂಪತಿಯೊಂದು, ಕ್ಯಾಲಿಫೋರ್ನಿಯಾದ ನೀಡಲ್ಸ್‌ನಿಂದ ಹೊರಟು 40ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಫ್ಲಾಗ್‌ಸ್ಟಾಫ್ ಸೇರುವ ಸಂಕಲ್ಪ ಮಾಡಿದೆಯೆಂದು ಭಾವಿಸತಕ್ಕದ್ದು. ದೂರ ಸುಮಾರು 330 ಕಿ.ಮೀ.; ಆದರೆ ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಎತ್ತರದ ನದೀತೀರದಿಂದ ಸುಮಾರು 2,100 ಮೀಟರ್ ಎತ್ತರದ ಊರಿಗೆ, ಲೀಟರ್ ಪೆಟ್ರೋಲಿಗೆ ಮೂರು ಕಿ.ಮೀ. ಕೊಟ್ಟರೆ ಅದೇ ಪುಣ್ಯವೆನ್ನಿಸುವ ಯಂತ್ರವು ಇಡೀ ಸಂಸಾರವನ್ನು ಎತ್ತಿಕೊಂಡು ಹೋಗಬೇಕು. ಚಳಿಗಾಲದಲ್ಲಿ ಕೊಲರಾಡೊ ನದಿಯನ್ನು ದಾಟಿ ಅರಿಜೋನಾ ಪ್ರವೇಶಿಸಿದೊಡನೆ ಗಡಿಯಾರವು ಒಂದು ಗಂಟೆ ಮುಂದಕ್ಕೆ ಜಿಗಿಯುವುದರಿಂದ, ರಥದಲ್ಲಿ ಏನೂ ಕೆಡುವ ಮೊದಲೇ ಒಂದು ಗಂಟೆ ಕೆಟ್ಟಿರುತ್ತದೆ.

2. ಸಂಶಯ

ಯಕ್ಕ ಎಂಬ ಪುಟ್ಟ ವಸತಿಯನ್ನು ದಾಟಿ ಕಿಂಗ್‌ಮನ್ ಸಮೀಪಿಸುವಾಗ ಬ್ಯಾಟರಿಯ ದೀಪ ಕೆಂಪಗೆ ಹೊತ್ತಿಕೊಂಡು, ಸ್ಟಿಯರಿಂಗ್ ಬಿಗಿಯಾಗಿ, ಮುಂಭಾಗದಿಂದ ಬಿಳಿಯ ಮೋಡವೊಂದು ಏಳುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ತಾರ್ಕಿಕರ ಅನುಮಾನವನ್ನು ಪತ್ನಿಯು ಕೂಡಲೇ ಪ್ರಯೋಗಿಸುತ್ತಾಳಾದರೂ, ಎದ್ದದ್ದು ಹೊಗೆಯಲ್ಲದೆ ರೇಡಿಯೇಟರಿನ ಆವಿಯಾದ ಕಾರಣ ಅದು ಹೇತ್ವಾಭಾಸ, ಅಂದರೆ ಕಾರಣದಂತೆ ತೋರುವ ಅಕಾರಣ. ವಾಸ್ತವವಾಗಿ ತುಂಡಾದದ್ದು ಎಂಜಿನ್ನಿನ ಒಂದೇ ಬೆಲ್ಟು. ತಂಪುನೀರನ್ನು ತಿರುಗಿಸುವ ಪಂಪು, ಸ್ಟಿಯರಿಂಗನ್ನು ಹಗುರಗೊಳಿಸುವ ಪಂಪು, ವಿದ್ಯುತ್ತನ್ನು ಹಡೆಯುವ ಆಲ್ಟರ್ನೇಟರು ಈ ಮೂರೂ ಅದನ್ನೇ ನೆಚ್ಚಿಕೊಂಡಿದ್ದುದರಿಂದ ಒಂದರ ಸಾವಿಗೆ ಮೂರು ಸೂತಕಗಳು ಏಕಕಾಲದಲ್ಲಿ ಪ್ರಾಪ್ತವಾಗುತ್ತವೆ.

ಸಂಶಯವು ಹುಟ್ಟುವುದು ಇಲ್ಲಿ. ಆಲ್ಟರ್ನೇಟರು ಎಂಜಿನ್ನಿನ ಬ್ಯಾಟರಿಯನ್ನೂ ಮನೆಯ ದೀಪ, ನೀರಿನ ಪಂಪುಗಳ ಬ್ಯಾಟರಿಯನ್ನೂ ಒಟ್ಟಿಗೆ ಪೋಷಿಸುವ ಪದಾರ್ಥವಾದ್ದರಿಂದ, ಕೆಟ್ಟದ್ದು ವಾಹನವೋ ಮನೆಯೋ?

3. ಪೂರ್ವಪಕ್ಷ

ಮಾರಾಟಗಾರರ ಮತವು ಶುದ್ಧ ಅದ್ವೈತ. ಮನೆ ಬೇರೆ, ಬಂಡಿ ಬೇರೆ ಎಂಬುದು ಅಜ್ಞಾನ. ಹಣ ಪಾವತಿಯಾದೊಡನೆ ಅದು ತೊಲಗಿ, ನಿಂತಲ್ಲೇ ಊರು, ಊರೇ ಮನೆ ಎಂಬ ಅಭೇದಜ್ಞಾನವು ಉದಿಸುತ್ತದೆ ಎಂದು ಅವರು ಸಾಧಿಸುತ್ತಾರೆ. ಸ್ಟೈನ್‌ಬೆಕ್ 1960ರಲ್ಲಿ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟ ಇಂಥದೇ ಬಂಡಿಯಲ್ಲಿ ದೇಶ ಸುತ್ತಿ ಪುಸ್ತಕ ಬರೆದದ್ದನ್ನು ಈ ಪಕ್ಷದವರು ಶಬ್ದಪ್ರಮಾಣವಾಗಿ ಒಡ್ಡುವರು. ಆದರೆ ಆ ಗ್ರಂಥದಲ್ಲಿ ಆರೆಗನ್ನಿನಲ್ಲಿ ಟಯರ್ ಒಡೆದ ಪ್ರಕರಣವೂ ಇರುವುದನ್ನು ಅವರು ಮರೆತಂತಿದೆ.

4. ಉತ್ತರಪಕ್ಷ

ರಿಪೇರಿ ಶಾಲೆಯವರು ಕಟ್ಟಾ ದ್ವೈತಿಗಳು. ಉಡುಪಿಯನ್ನು ಕಾಣದೆಯೂ ಮಧ್ವಾಚಾರ್ಯರ ಪಂಚಭೇದಗಳಲ್ಲಿ ಒಂದಾದ ಜಡಜಡಭೇದವನ್ನು, ಎಂದರೆ ಒಂದು ಜಡವಸ್ತುವಿಗೂ ಇನ್ನೊಂದಕ್ಕೂ ಇರುವ ನಿತ್ಯಭೇದವನ್ನು, ಇಷ್ಟು ನಿಷ್ಠೆಯಿಂದ ಆಚರಿಸುವವರು ವಿರಳ. ಎಂಜಿನ್ ಮತ್ತು ಚಕ್ರಗಳುಳ್ಳ ಚಾಸಿಯನ್ನು ಒಂದು ಕಂಪನಿ ತಯಾರಿಸಿ, ಅದರ ಮೇಲೆ ಇನ್ನೊಂದು ಕಂಪನಿ ಮನೆಯನ್ನು ಕಟ್ಟಿ, ಫ್ರಿಜ್ಜು, ಜನರೇಟರುಗಳಿಗೆ ಬೇರೆ ಬೇರೆ ಕಂಪನಿಗಳು ಗ್ಯಾರಂಟಿ ಬರೆದುಕೊಡುವುದು ಲೋಕಪ್ರಸಿದ್ಧ. ಆದ್ದರಿಂದ ಚಾಸಿಯವರು ಮನೆಯ ಇನ್ವರ್ಟರ್ ಅತಿಯಾಗಿ ಹೀರಿತೆಂದೂ, ಮನೆಯವರು ಎಂಜಿನ್ ಕಡಿಮೆ ಕೊಟ್ಟಿತೆಂದೂ ಹೇಳುವುದು, ಬಾಗಿಲು ತಗ್ಗಾಗಿರುವ ಗ್ಯಾರೇಜಿನವರು ಎರಡನ್ನೂ ಒಪ್ಪಿ ರಥವನ್ನು ಮಾತ್ರ ಒಳಗೆ ಸೇರಿಸದಿರುವುದು ಯುಕ್ತವೇ ಆಗಿದೆ. ರಥವನ್ನು ಟ್ರಕ್ಕೊಂದು ಕಿಂಗ್‌ಮನ್ನಿನ ಗ್ಯಾರೇಜಿಗೆ ಎಳೆದು ತಂದ ಮೇಲೆ, ಕಾಯುವ ಕೊಠಡಿಯಲ್ಲಿ ಕಾಗದದ ಲೋಟದ ಕಾಫಿ ಹಿಡಿದು ಕುಳಿತ ದಂಪತಿಯು, ಕಿಟಕಿಯಾಚೆ ತಮ್ಮದೇ ಅಡುಗೆಮನೆ ನಿಂತಿದ್ದರೂ ಅದರೊಳಗೆ ಹೋಗಲಾರದೆ, ಭೇದವು ಸತ್ಯವೆಂಬುದನ್ನು ಪ್ರತ್ಯಕ್ಷ ಪ್ರಮಾಣದಿಂದ ಅರಿಯುತ್ತಾರೆ. ಬೆಲ್ಟು ಇಂದು ದೊರೆಯುವುದೋ ನಾಳೆಯೋ ಎಂದು ಅವರೊಳಗೆ ಏಳುವ ಚರ್ಚೆಯು ಜೀವಜೀವಭೇದಕ್ಕೆ ಸೇರಿದ್ದರಿಂದ ಇಲ್ಲಿ ಅಪ್ರಸ್ತುತ.

ಆದರೆ ಈ ಮತಕ್ಕೂ ಒಂದು ಬಾಧಕವಿದೆ. ಪೆಟ್ರೋಲ್ ಎಂಜಿನ್ನಿನ ಎ ವರ್ಗದ ರಥಗಳಲ್ಲಿ ಎಂಜಿನ್ ಇರುವುದು ಚಾಲಕನ ಮತ್ತು ಪಕ್ಕದ ಆಸನಗಳ ನಡುವೆ, ‘ಡಾಗ್‌ಹೌಸ್’ ಎಂದು ಕರೆಯಲಾಗುವ ಮುಚ್ಚಳದ ಅಡಿಯಲ್ಲಿ. ಮನೆಗೂ ತನಗೂ ಸಂಬಂಧವಿಲ್ಲವೆಂದು ವಾದಿಸಿದ ಚಾಸಿ ಮೆಕ್ಯಾನಿಕ್ಕನೇ ಎಂಜಿನ್ನಿನ ಹಿಂಭಾಗವನ್ನು ಪರೀಕ್ಷಿಸಲು ಬೂಟುಗಾಲಲ್ಲಿ ಮೆಟ್ಟಿಲು ಹತ್ತಿ, ಪಡಸಾಲೆಯ ರತ್ನಗಂಬಳಿಯನ್ನು ಮಡಚಿ, ಮುಚ್ಚಳ ತೆಗೆದು ಮಂಡಿಯೂರಬೇಕಾಗುತ್ತದೆ. ಸಂಬಂಧವನ್ನು ಮಾತಿನಲ್ಲಿ ನಿರಾಕರಿಸಿ ಮಂಡಿಯಿಂದ ಒಪ್ಪಿಕೊಳ್ಳುವ ಈ ಸ್ಥಿತಿಗೆ ಸ್ವವಚನ ವಿರೋಧವೆಂದು ಹೆಸರು.

5. ನಿರ್ಣಯ

ಹೀಗಾಗಿ ಭೇದಾಭೇದವೇ ಸಿದ್ಧಾಂತ. ಗೃಹರಥವು ಓಡುವಾಗ ವಾಹನ, ನಿಂತಾಗ ಮನೆ, ಕೆಟ್ಟಾಗ ಎರಡೂ ಅಲ್ಲ. ಫ್ಲಾಗ್‌ಸ್ಟಾಫಿನ ಸಂಕಲ್ಪವು ಕಿಂಗ್‌ಮನ್ನಿನಲ್ಲಿ ಪರಿಸಮಾಪ್ತವಾಗಿ, ಸುಮಾರು 100 ಕಿ.ಮೀ. ಕ್ರಮಿಸಿದ ದಂಪತಿಯು ಗ್ಯಾರೇಜಿನ ಅಂಗಳದಲ್ಲೇ ಪರದೆ ಎಳೆದುಕೊಂಡು ಮಲಗುವುದರಿಂದ, ಎಲ್ಲಿ ಕೆಟ್ಟರೂ ಮನೆಯಲ್ಲೇ ಕೆಟ್ಟಂತಾಯಿತೆಂಬ ಪೂರ್ವಪಕ್ಷದ ಲಾಭವೂ ಅಂಶತಃ ಉಳಿಯುತ್ತದೆ. ಬೆಳಗ್ಗೆ ಚಾಸಿಯ ಲೆಕ್ಕವೊಂದು, ಮನೆಯ ಲೆಕ್ಕವೊಂದು, ಎಳೆದು ತಂದ ಟ್ರಕ್ಕಿನ ಲೆಕ್ಕವೊಂದು ಪ್ರತ್ಯೇಕವಾಗಿ ಕೈಸೇರುವಾಗ ಭೇದವು ಮತ್ತೊಮ್ಮೆ ಸ್ಥಾಪಿತವಾಗುತ್ತದೆ. ಹಣ ತೆರುವವನ ವಿಷಯದಲ್ಲಿ ಮಾತ್ರ ಎರಡನೆಯವನಿಲ್ಲವೆಂಬ ಅದ್ವೈತವನ್ನು ಯಾವ ಗ್ಯಾರೇಜಿನವರೂ ಇಂದಿಗೂ ಖಂಡಿಸಿಲ್ಲ.