ಗ್ರಂಥಶಕ್ತಿ ಮೀಮಾಂಸೆ: ಅರ್ಗಾ ಪ್ರಕರಣ

ಪುಸ್ತಕದಿಂದ ಶಕ್ತಿ ಹೀರಿ ಲೋಕವನ್ನೇ ಬದಲಿಸುವ ಮಾಂತ್ರಿಕರು ಕಥೆಗಳಲ್ಲಿ ಮಾತ್ರ ಇರುತ್ತಾರೆಂಬುದು ಪೂರ್ವಪಕ್ಷ. ಇದಕ್ಕೆ ಆಧಾರವಾಗಿ ಇಂಗ್ಲೆಂಡಿನ ಟೆರಿ ಪ್ರಾಚೆಟ್ಟರ ಡಿಸ್ಕ್‌ವರ್ಲ್ಡ್ ಕಾದಂಬರಿಗಳನ್ನು ಮುಂದಿಡುವುದುಂಟು. ಅಲ್ಲಿನ ಮಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪುಸ್ತಕಗಳನ್ನು ಸರಪಳಿ ಬಿಗಿದು ಇಟ್ಟಿರುತ್ತಾರೆ; ಮಂತ್ರದ ಹೊಡೆತಕ್ಕೆ ಸಿಕ್ಕಿ ಒರಾಂಗುಟಾನ್ ಆದ ಗ್ರಂಥಪಾಲಕ ಮತ್ತೆ ಮನುಷ್ಯನಾಗಲು ಒಪ್ಪುವುದೇ ಇಲ್ಲ. ಆ ರೂಪಾಂತರ ನಡೆಯುವ ‘ದಿ ಲೈಟ್ ಫೆಂಟಾಸ್ಟಿಕ್’ ಬಂದದ್ದು 1986ರಲ್ಲಿ. ಅದೇ ವರ್ಷ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. ಇದನ್ನು ಕಾಕತಾಳೀಯ ಎನ್ನುವವರು ಆ ನೆಲೆಯ ಬಳಿಯ ಅರ್ಗಾ ಊರಿನ ಪಹಣಿ ನೋಡಿದವರಲ್ಲ.

ಸಿದ್ಧಾಂತದ ಮೊದಲ ಸೂತ್ರ: ತೆರೆಯದ ಪುಸ್ತಕಕ್ಕೇ ಶಕ್ತಿ ಹೆಚ್ಚು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಶಾರದೆಯ ಮುಂದೆ ಪುಸ್ತಕಗಳನ್ನು ಇಟ್ಟರೆ ಶ್ರವಣ ನಕ್ಷತ್ರದ ವಿಸರ್ಜನೆಯವರೆಗೆ ಓದುವಂತಿಲ್ಲ. ಕಾರವಾರ, ಅಂಕೋಲೆಯ ಯಾವ ಮಗುವೂ ಈ ಶಾಸ್ತ್ರವನ್ನು ಮುರಿದ ದಾಖಲೆ ಇಲ್ಲ. ಗಣಿತದ ಪುಸ್ತಕವನ್ನು ರಾಶಿಯ ತಳದಲ್ಲಿ ಇಡುವುದು ಶಕ್ತಿ ಹೆಚ್ಚು ಇಳಿಯಲೆಂದೋ, ಕೊನೆಗೆ ಕೈಗೆ ಸಿಗಲೆಂದೋ ಎಂಬ ವಿವಾದ ಬಗೆಹರಿದಿಲ್ಲ.

ಎರಡನೆಯ ಸೂತ್ರವನ್ನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಒದಗಿಸುತ್ತದೆ. ಇದನ್ನು ಓದುವ ಅಗತ್ಯವೂ ಇಲ್ಲ; ಗಲ್ಲಾಪೆಟ್ಟಿಗೆಯ ಮೇಲೆ ತೆಗೆದಿಟ್ಟರೆ ಸಾಕು, ಎದುರು ನಿಂತವನ ದನಿ ಇಳಿಯುತ್ತದೆ.

ಯಕ್ಷಗಾನದ ಪ್ರಸಂಗ ಪುಸ್ತಕ ಇದಕ್ಕಿಂತ ಉದಾರಿ. ಅದರಲ್ಲಿರುವುದು ಪದ್ಯಗಳು ಮಾತ್ರ. ಅರ್ಥಧಾರಿಗಳ ಮಾತಿಗೆ ಅಲ್ಲಿ ಒಂದು ಸಾಲೂ ಇಲ್ಲ. ಭಾಗವತರು ತಾಳ ಹಿಡಿದು ಪದ್ಯ ಎತ್ತಿದರೆ ಆ ತೆಳ್ಳನೆಯ ಪುಸ್ತಕದಿಂದ ಅರಸರೂ ರಕ್ಕಸರೂ ಎದ್ದುಬಂದು ಬೆಳತನಕ ವಾದ ಮಾಡುತ್ತಾರೆ. ಪದ್ಯಗಳು ಬಾಯಿಪಾಠ ಇದ್ದರೂ ಪುಸ್ತಕ ಎದುರಿಗೆ ಇರಬೇಕು.

ಸೂತ್ರಕ್ಕೆ ಹೊಂದದ ಒಂದು ಪ್ರಕರಣವೂ ಇದೆ. 1880ರ ದಶಕದ ಆರಂಭದಲ್ಲಿ ಸತ್ಯೇಂದ್ರನಾಥ ಟಾಗೋರ್ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕೈಯಲ್ಲಿ ಕಾನೂನಿನ ಪುಸ್ತಕ. ಅವರಲ್ಲಿಗೆ ಬಂದ ತಮ್ಮ ರವೀಂದ್ರನಾಥ ಕಡಲು ನೋಡಿಕೊಂಡು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಇಂದು ಕಡಲತೀರಕ್ಕೆ ಇರುವುದು ತಮ್ಮನ ಹೆಸರು. ಈ ಸಾಕ್ಷ್ಯ ಸಿದ್ಧಾಂತಕ್ಕೆ ತೊಂದರೆ ಕೊಡುವುದರಿಂದ ಇದನ್ನು ಇಲ್ಲಿಗೇ ಬಿಡಲಾಗಿದೆ.

ಇನ್ನು ಮಹಾಗ್ರಂಥ, ಅಂದರೆ ಪಹಣಿ. ಡಿಸ್ಕ್‌ವರ್ಲ್ಡಿನಲ್ಲಿ ಸರಪಳಿ ಇದ್ದಂತೆ ಕಂದಾಯ ಇಲಾಖೆಯಲ್ಲಿ ರುಮಾಲು. ಬಟ್ಟೆಯಲ್ಲಿ ಗಂಟು ಕಟ್ಟದಿದ್ದರೆ ಕಡತಗಳು ಏನು ಮಾಡಿಯಾವೆಂದು ಹೇಳಲಾಗದು. ಪುಸ್ತಕಗಳ ಬಲದಿಂದಲೇ ಕಾರವಾರದ ಈ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಹೋಗಿಬಂತು. ಅಷ್ಟೆಲ್ಲ ತಿರುಗಾಟದಲ್ಲಿ ಅರ್ಗಾದ ಒಂದು ತೆಂಗಿನ ಮರವೂ ಅಲುಗಲಿಲ್ಲ. 1974ರ ಮಾರ್ಚ್ 1ರಿಂದ ನಡೆದದ್ದು ಶುಭಮಂತ್ರ: ಭೂಸುಧಾರಣೆಯ ಕಾಯಿದೆಯಡಿ ಗೇಣಿದಾರ 7ನೇ ನಮೂನೆ ತುಂಬಿದ, ಭೂ ನ್ಯಾಯಮಂಡಳಿ ಒಪ್ಪಿತು, ಪಹಣಿಯ 12ನೇ ಕಾಲಮ್ಮಿನಲ್ಲಿ ಸಾಗುವಳಿದಾರನಾಗಿದ್ದವನು 9ನೇ ಕಾಲಮ್ಮಿಗೆ ಜಿಗಿದು ಒಡೆಯನಾದ. ಮೂರು ಕಾಲಮ್ಮುಗಳ ಈ ಜಿಗಿತಕ್ಕೆ ಹನುಮಂತನ ಸಾಗರಲಂಘನ ಮಾತ್ರ ಸಾಟಿ.

ಹಾಗೆ ಜಿಗಿದವರಲ್ಲಿ ಎಷ್ಟೋ ಮಂದಿ ಕೂತು ಸುಧಾರಿಸಿಕೊಳ್ಳುವ ಹೊತ್ತಿಗೆ 1894ರ ಭೂಸ್ವಾಧೀನ ಕಾಯಿದೆಯೆಂಬ ಹಳೆಯ ಮಂತ್ರಪುಸ್ತಕ ತೆರೆಯಿತು. ಈ ಸಲ 9ನೇ ಕಾಲಮ್ಮಿಗೆ ಬಂದದ್ದು ಸರ್ಕಾರ. ಸೀಬರ್ಡ್ ನೆಲೆಗಾಗಿ 11 ಸಾವಿರಕ್ಕೂ ಹೆಚ್ಚು ಎಕರೆ ನೆಲ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು. 2005ರ ಮೇ 31ರಂದು ಅರ್ಗಾದ ಬಳಿ ‘ಐಎನ್‌ಎಸ್ ಕದಂಬ’ ಕಾರ್ಯಾರಂಭ ಮಾಡಿತು. ದೇಶಕ್ಕೆ ನೌಕಾನೆಲೆ ಬೇಕು ಎಂಬುದರಲ್ಲಿ ತಕರಾರಿಲ್ಲ. ಮಂತ್ರಶಾಸ್ತ್ರದ ಕುತೂಹಲ ಇರುವುದು ಪರಿಹಾರದ ಲೆಕ್ಕದಲ್ಲಿ. ನೆಲದ ಬೆಲೆ ಎಷ್ಟೆಂದು ಆ ಕಾಯಿದೆ ನೆಲವನ್ನು ಕೇಳುತ್ತಿರಲಿಲ್ಲ, ನೋಂದಣಿ ಪುಸ್ತಕವನ್ನು ಕೇಳುತ್ತಿತ್ತು. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆಸುವುದು ನಾಡಿನೆಲ್ಲೆಡೆಯ ರೂಢಿ. ಹಾಗೆ ಬರೆಸಿದ ಅಂಕಿ ವರ್ಷಗಳ ಮೇಲೆ ಅಕ್ಕಪಕ್ಕದವರಿಗೆಲ್ಲ ತಿರುಮಂತ್ರವಾಗಿ ಬಡಿಯುತ್ತದೆ. ಮುಂದಿನ ಅಧ್ಯಾಯಗಳು ನಡೆದದ್ದು ನ್ಯಾಯಾಲಯಗಳಲ್ಲಿ, ದಶಕಗಟ್ಟಲೆ.

ಮೀನುಗಾರರ ಸ್ಥಿತಿ ಇನ್ನೂ ಸೂಕ್ಷ್ಮ. ಕಡಲಿಗೆ ಸರ್ವೆ ನಂಬರಿಲ್ಲ. ತಲೆಮಾರುಗಳಿಂದ ಬಲೆ ಬೀಸಿದ ನೀರು ಯಾವ ಪುಸ್ತಕದಲ್ಲೂ ಇಲ್ಲದ್ದರಿಂದ, ಮಂತ್ರಶಾಸ್ತ್ರದ ಪ್ರಕಾರ, ಅದನ್ನು ಯಾರೂ ಕಳೆದುಕೊಳ್ಳಲಿಲ್ಲ.

ಹೊಸ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿತು. ಪುಸ್ತಕ ಹೋದ ಮೇಲೆ ಮಾಂತ್ರಿಕರ ಬಲ ಉಡುಗುತ್ತದೆ ಎಂದು ಎಣಿಸಿದ ಸಿದ್ಧಾಂತಿಗಳು ‘ಸರ್ವರ್ ಡೌನ್’ ಎಂಬ ಬೀಜಾಕ್ಷರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ಉಚ್ಚರಿಸಿದೊಡನೆ ಸಾಲು ತಾನಾಗಿ ಕರಗುತ್ತದೆ. ಸರ್ವರ್ ಎದ್ದ ದಿನ, ಕಂಪ್ಯೂಟರಿನ ಪಹಣಿಯಲ್ಲಿ ಅಜ್ಜನ ಹೆಸರಿನ ಕಾಗುಣಿತ ತಪ್ಪಿರುವುದು ಕಾಣಿಸುತ್ತದೆ. ತಿದ್ದಿಸಲು ಏನು ಬೇಕೆಂದು ಕೇಳಿದರೆ ಬರುವ ಉತ್ತರ: ಕೈಬರಹದ ಹಳೇ ಪಹಣಿ ತನ್ನಿ, ರುಮಾಲಿನಲ್ಲಿ ಹುಡುಕಿಸಬೇಕು, ಸೋಮವಾರ ಬನ್ನಿ.